ಪಬ್ ಮಾಲೀಕರು ಮತ್ತು ಬ್ಯಾಂಡಿನವರು: ಫೋನ್ ಮಾತಿನಿಂದ ಪೇಮೆಂಟ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಪಬ್ ಮಾಲೀಕರಿಗೂ ಬ್ಯಾಂಡಿನವರಿಗೂ ಸಂಗೀತದ ಕಾರಣಕ್ಕೆ ಮನಸ್ತಾಪ ಬರುವುದು ತೀರಾ ಕಡಿಮೆ. ದುಡ್ಡು ಎಷ್ಟು, ಯಾವಾಗ, ಯಾರ ಕೈಯಿಂದ? ಸೌಂಡ್ ಯಾರದು? ಎಷ್ಟು ಗಂಟೆಗೆ ನಿಲ್ಲಿಸಬೇಕು? ಶೋ ರದ್ದಾದರೆ ಏನು ಗತಿ? ಇವನ್ನೆಲ್ಲ "ಅದೇನ್ ಬಿಡಿ ಸರ್, ನೋಡ್ಕೊಳೋಣ" ಎಂದು ಫೋನಿನಲ್ಲೇ ದಾಟಿಸಿಬಿಟ್ಟಿರುತ್ತಾರಲ್ಲ, ಜಗಳ ಹುಟ್ಟುವುದು ಅಲ್ಲಿ. ನಾನು ಕೆಲವು ವರ್ಷ ಕೀಬೋರ್ಡ್ ನುಡಿಸಿದ್ದೇನೆ, ಆಮೇಲೆ ಒಂದು ಪಬ್ಬಿಗೆ ಬ್ಯಾಂಡುಗಳನ್ನು ಗೊತ್ತುಮಾಡುವ ಕೆಲಸವನ್ನೂ ಮಾಡಿದ್ದೇನೆ. ಎರಡೂ ಕಡೆಯ ಲೆಕ್ಕ ನೋಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಇಬ್ಬರೂ ಮಾರುತ್ತಿರುವುದು ಒಂದೇ ರಾತ್ರಿಯನ್ನು, ಆದರೆ ಒಬ್ಬರ ಖರ್ಚುವೆಚ್ಚ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಅದನ್ನು ಮುಂಚೆಯೇ ಮುಂದಿಟ್ಟುಕೊಂಡು ಮಾತಾಡಿದರೆ ಉಳಿದದ್ದು ಸಲೀಸು.

ಇಲ್ಲಿನ ಉದಾಹರಣೆಗಳೆಲ್ಲ ಬೆಂಗಳೂರಿನವು. ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ದರವೂ ಪೊಲೀಸ್ ನಿಯಮವೂ ಬೇರೆಯಾಗುತ್ತವೆ. ಮಾತಾಡಿಕೊಳ್ಳಬೇಕಾದ ಸಂಗತಿಗಳು ಮಾತ್ರ ಅವೇ.

ಹಂತ 1: ಜಾಗಕ್ಕೆ ಪರವಾನಗಿ ಇದೆಯೇ ಎಂದು ಮೊದಲು ಕೇಳಿ

ಬ್ಯಾಂಡಿನವರು ಈ ಪ್ರಶ್ನೆ ಕೇಳಲು ಸಂಕೋಚಪಡುತ್ತಾರೆ. ಪಡಬಾರದು. ಅಬಕಾರಿ ಇಲಾಖೆಯ ಸಿಎಲ್-9 ಅಥವಾ ಸಿಎಲ್-7 ಪರವಾನಗಿ ಮದ್ಯ ಮಾರಲು ಸಾಕು, ಲೈವ್ ಸಂಗೀತಕ್ಕೆ ಸಾಲದು. ಬೆಂಗಳೂರಿನಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಮತ್ತು ನಿಯಂತ್ರಣಕ್ಕಾಗಿ 2005ರಲ್ಲಿ ಆದೇಶವೊಂದು ಬಂತು. ಅದಕ್ಕೆ ಆಧಾರ 1963ರ ಕರ್ನಾಟಕ ಪೊಲೀಸ್ ಕಾಯ್ದೆ, ಪರವಾನಗಿ ಕೊಡುವ ಅಧಿಕಾರ ಪೊಲೀಸ್ ಆಯುಕ್ತರದು. ಲೈವ್ ಬ್ಯಾಂಡ್ ನಡೆಸುವ ರೆಸ್ಟೋರೆಂಟ್ ಮಾಲೀಕರ ಸಂಘ ಈ ಆದೇಶದ ವಿರುದ್ಧ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು, 2018ರ ಜನವರಿಯಲ್ಲಿ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಪೊಲೀಸರು ಪಬ್ಬುಗಳ ಕಾಗದಪತ್ರ ಕೇಳತೊಡಗಿದಾಗ ಇಂದಿರಾನಗರ, ಕೋರಮಂಗಲದ ಎಷ್ಟೋ ವೇದಿಕೆಗಳು ಮೌನವಾದವು. ಕಟ್ಟಡದ ಸ್ವಾಧೀನ ಪ್ರಮಾಣಪತ್ರವೇ ಇಲ್ಲದ ಜಾಗಗಳಲ್ಲಿ ಪರವಾನಗಿಯ ಅರ್ಜಿ ಮುಂದಕ್ಕೇ ಹೋಗಲಿಲ್ಲ. ತಿಂಗಳಿಗೆ ಎಂಟು ಹತ್ತು ಶೋ ಇದ್ದ ಕಲಾವಿದರ ಕ್ಯಾಲೆಂಡರ್ ಖಾಲಿಯಾಯಿತು.

ಈ ಬಿಗಿ ಎಲ್ಲಿಂದ ಬಂತು ಎನ್ನುವುದನ್ನೂ ತಿಳಿದಿರಬೇಕು. ನಗರದ ಪೊಲೀಸ್ ಕಡತಗಳಲ್ಲಿ ಲೈವ್ ಬ್ಯಾಂಡ್ ಎಂದರೆ ಬಹುಕಾಲ ಡಾನ್ಸ್ ಬಾರ್ ಬಗೆಯ ಜಾಗಗಳೇ. ಗಿಟಾರ್ ಹಿಡಿದು ಬರುವ ನಾಲ್ವರು ಹುಡುಗರಿಗೂ ಅದೇ ನಿಯಮದ ಬಿಸಿ ತಟ್ಟುತ್ತದೆ. ಇದು ಸರಿಯಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ನಿಯಮ ಇರುವಷ್ಟು ದಿನ ಕಾಗದ ಸರಿ ಇರಬೇಕು. ಅರ್ಧ ಶೋನಲ್ಲಿ ಪೊಲೀಸರು ಬಂದು ನಿಲ್ಲಿಸಿದರೆ ಕಾಗದ ಮಾಲೀಕರದು, ಹಾಗಾಗಿ ಸಂಭಾವನೆ ಪೂರ್ತಿ ಕೊಡತಕ್ಕದ್ದು ಎಂಬ ಒಂದು ಸಾಲು ಒಪ್ಪಂದದಲ್ಲಿರಲಿ.

ಜೊತೆಗೆ ಶಬ್ದದ ನಿಯಮ. ಕೇಂದ್ರದ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55 ಡೆಸಿಬಲ್. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45. ರಾತ್ರಿ ಎಂದರೆ 10ರಿಂದ ಬೆಳಗ್ಗೆ 6. ಆ ಹೊತ್ತಿನಲ್ಲಿ ಮುಚ್ಚಿದ ಕೋಣೆಯ ಹೊರಗೆ ಧ್ವನಿವರ್ಧಕ ಬಳಸುವಂತಿಲ್ಲ. ಖಾಸಗಿ ಜಾಗದ ಗಡಿಯಲ್ಲಿ ಕೇಳುವ ಸದ್ದು ಆ ಪ್ರದೇಶದ ಮಿತಿಗಿಂತ 5 ಡೆಸಿಬಲ್‌ಗಿಂತ ಹೆಚ್ಚು ಮೀರಬಾರದು. ಬೆಂಗಳೂರಿನಲ್ಲಿ 2024ರಿಂದ ಬಾರುಗಳನ್ನು ರಾತ್ರಿ 1 ಗಂಟೆವರೆಗೆ ತೆರೆದಿಡಬಹುದು, ಆದರೆ ಬಾಗಿಲು ತೆರೆದಿಡುವ ಅನುಮತಿ ಸೌಂಡ್ ಬಿಡುವ ಅನುಮತಿಯಲ್ಲ. ಇವೆರಡನ್ನೂ ಬೆರೆಸಿಕೊಳ್ಳುವ ಮ್ಯಾನೇಜರುಗಳು ಬಹಳ. ಟೆರೇಸ್ ಪಬ್ಬಾದರೆ ಕೊನೆಯ ಹಾಡು 9:55ಕ್ಕೆ ಮುಗಿಯಬೇಕು ಎಂದೇ ಇಟ್ಟುಕೊಂಡು, ಅದಕ್ಕೆ ತಕ್ಕಂತೆ ಶೋವನ್ನು 7:30ಕ್ಕೇ ಶುರುಮಾಡಿ.

ಹಂತ 2: ಎರಡೂ ಕಡೆಯ ಲೆಕ್ಕ ಬರೆಯಿರಿ

ದರ ಮಾತಾಡುವ ಮೊದಲು ಹತ್ತು ನಿಮಿಷ ಪೆನ್ನು ಕಾಗದ ಹಿಡಿದು ಕೂರುವುದು ಒಳ್ಳೆಯದು. ಒಂದು ಕಲ್ಪಿತ ಬುಧವಾರ ತೆಗೆದುಕೊಳ್ಳೋಣ. ಬ್ಯಾಂಡ್ ಇಲ್ಲದ ಬುಧವಾರ 40 ಜನ ಬರುತ್ತಾರೆ, ತಲಾ ಬಿಲ್ಲು 1,200 ರೂಪಾಯಿ. ಬ್ಯಾಂಡ್ ಇದ್ದರೆ 70 ಜನ. ಹೆಚ್ಚಿದ ವ್ಯಾಪಾರ 36,000. ಸರಕು, ತೆರಿಗೆ, ಅಡುಗೆಮನೆ ಖರ್ಚು ಕಳೆದು ಅರ್ಧ ಉಳಿಯಿತು ಎಂದರೆ 18,000. ಬ್ಯಾಂಡಿಗೆ 15,000, ಸೌಂಡ್ ಎಂಜಿನಿಯರಿಗೆ 3,000 ಕೊಟ್ಟರೆ ಮಾಲೀಕರ ಕೈಗೆ ಸೊನ್ನೆ. ಮೂವತ್ತು ಜನ ಹೆಚ್ಚು ಬಂದರೂ ಸೊನ್ನೆ!

ಹಾಗಾದರೆ ಲಾಭ ಎಲ್ಲಿ? ಮೊದಲೇ ಕೂತಿದ್ದ ಆ 40 ಜನರಲ್ಲಿ. ಬ್ಯಾಂಡ್ ಚೆನ್ನಾಗಿದ್ದರೆ ಅವರು ಎದ್ದುಹೋಗುವ ಹೊತ್ತಿಗೆ ಇನ್ನೊಂದು ರೌಂಡ್ ಹೇಳುತ್ತಾರೆ. ತಲಾ 250 ಹೆಚ್ಚು ಖರ್ಚು ಮಾಡಿದರೂ 10,000 ಬಂತು, ಅದರಲ್ಲಿ ಅರ್ಧ ಉಳಿಯಿತು. ಆದ್ದರಿಂದ ಬ್ಯಾಂಡಿನವರನ್ನು "ಎಷ್ಟು ಜನ ಕರ್ಕೊಂಡ್ ಬರ್ತೀರಿ?" ಎಂದು ಕೇಳುವ ಮಾಲೀಕರು ತಪ್ಪು ಪ್ರಶ್ನೆ ಕೇಳುತ್ತಿದ್ದಾರೆ. ಬಂದವರನ್ನು ಎಷ್ಟು ಹೊತ್ತು ಕೂರಿಸಬಲ್ಲಿರಿ ಎನ್ನುವುದೇ ವಾರದ ನಡುವಿನ ಶೋಗೆ ಸರಿಯಾದ ಪ್ರಶ್ನೆ. ಜನ ಕರೆತರುವ ಜವಾಬ್ದಾರಿ ಬ್ಯಾಂಡಿನದು ಎಂದಾದರೆ ಅದು ಟಿಕೆಟ್ ಶೋ, ಅದರ ಒಪ್ಪಂದವೇ ಬೇರೆ.

ಈಗ ಆ 15,000ವನ್ನು ಬ್ಯಾಂಡಿನ ಕಡೆಯಿಂದ ನೋಡಿ. ನಾಲ್ವರು. ಕ್ಯಾಬಿಗೆ 2,000. ಮೂರು ಮೂರು ಗಂಟೆಯ ಎರಡು ಪ್ರಾಕ್ಟೀಸಿಗೆ ಜ್ಯಾಮ್ ರೂಮಿನ ಬಾಡಿಗೆ, ಗಂಟೆಗೆ 500ರಂತೆ 3,000. ಉಳಿದದ್ದು 10,000, ತಲಾ 2,500. ಪ್ರಾಕ್ಟೀಸ್ ಆರು ಗಂಟೆ, ಶೋ ದಿನ ಸಂಜೆ ನಾಲ್ಕರಿಂದ ನಡುರಾತ್ರಿಯವರೆಗೆ ಎಂಟು ಗಂಟೆ. ಗಂಟೆಗೆ 180 ರೂಪಾಯಿಯೂ ಬೀಳಲಿಲ್ಲ. ತಂತಿ, ಡ್ರಮ್ ಕೋಲು, ಕೇಬಲ್ ಖರ್ಚು ಇನ್ನೂ ಬಾಕಿ. ಇದನ್ನು ಒಮ್ಮೆ ಕಣ್ಣಾರೆ ಕಂಡ ಮಾಲೀಕರು "ಸಾವಿರ ಕಮ್ಮಿ ಮಾಡ್ಕೊಳ್ಳಿ" ಎನ್ನುವ ಮೊದಲು ಯೋಚಿಸುತ್ತಾರೆ. ಮಾಲೀಕರ ಸೊನ್ನೆಯನ್ನು ಕಂಡ ಬ್ಯಾಂಡ್ ಖಾಲಿ ಬುಧವಾರಕ್ಕೆ ಶನಿವಾರದ ದರ ಕೇಳುವುದಿಲ್ಲ.

ಹಂತ 3: ದುಡ್ಡಿನ ಬಗೆಯನ್ನು ಆರಿಸಿ

ನಿಗದಿತ ಸಂಭಾವನೆ ಸರಳ, ಕವರ್ ಹಾಡುಗಳ, ಅಂದರೆ ಬೇರೆಯವರ ಹಾಡು ನುಡಿಸುವ, ಬ್ಯಾಂಡಿಗೂ ವಾರದ ನಡುವಿನ ಶೋಗೂ ಇದೇ ಸರಿ. ಮಳೆ ಬಂದರೂ ಟ್ರಾಫಿಕ್ ಕಟ್ಟಿದರೂ ಮೊತ್ತ ಬದಲಾಗುವುದಿಲ್ಲ.

ಬಾಗಿಲ ಹಣದಲ್ಲಿ ಪಾಲು ಎನ್ನುವುದು ಎರಡನೆಯ ಬಗೆ. ಇಲ್ಲಿ ಒಂದು ಗುಂಡಿ ಇದೆ. ನಮ್ಮ ಬಹುಪಾಲು ಪಬ್ಬುಗಳಲ್ಲಿ ಬಾಗಿಲಲ್ಲಿ ಕೊಡುವ ಕವರ್ ಚಾರ್ಜ್ ಊಟ-ಕುಡಿತದ ಬಿಲ್ಲಿನಲ್ಲಿ ವಜಾ ಆಗುತ್ತದೆ. ಗಿರಾಕಿ 1,000 ಕೊಟ್ಟು ಒಳಗೆ ಬಂದು ಅದೇ ಸಾವಿರಕ್ಕೆ ಕುಡಿದು ತಿಂದರೆ ಬಾಗಿಲ ಹಣ ಎಂಬುದೇ ಉಳಿಯಲಿಲ್ಲ. ಆದ್ದರಿಂದ ಪಾಲು ಮಾತಾಡುವಾಗ ಕವರ್ ಚಾರ್ಜಿನಲ್ಲಿ ವಜಾ ಆಗದ ಭಾಗ ಎಷ್ಟು ಎಂದು ನೇರವಾಗಿ ಕೇಳಿ. 1,000ದಲ್ಲಿ 700 ಬಿಲ್ಲಿಗೆ, 300 ಸಂಗೀತಕ್ಕೆ ಎಂದು ಒಡೆದು, ಆ 300ರಲ್ಲಿ ಪಾಲು ಎಂದಾದರೆ ಲೆಕ್ಕ ನಿಲ್ಲುತ್ತದೆ. ಟಿಕೆಟನ್ನು ಬುಕ್‌ಮೈಶೋ, ಡಿಸ್ಟ್ರಿಕ್ಟ್‌ನಂಥ ಆ್ಯಪಿನಲ್ಲಿ ಮಾರಿದರೆ ಅವರ ಕಮಿಷನ್ ಯಾರ ಪಾಲಿನಿಂದ ಹೋಗುತ್ತದೆ, ಅತಿಥಿ ಪಟ್ಟಿಯಲ್ಲಿ ಯಾರಿಗೆ ಎಷ್ಟು ಹೆಸರು ಎನ್ನುವುದೂ ಆಗಲೇ ತೀರ್ಮಾನವಾಗಲಿ.

ಸ್ವಂತ ಹಾಡುಗಳ ಬ್ಯಾಂಡಿಗೆ ನಾನು ಸೂಚಿಸುವುದು ಮೂರನೆಯದನ್ನು: ಕನಿಷ್ಠ ಮೊತ್ತ ಒಂದು, ಅದರ ಮೇಲೆ ಟಿಕೆಟ್ ಹಣದಲ್ಲಿ ಪಾಲು. ಮಾಲೀಕರ ಖರ್ಚು ಹುಟ್ಟುವವರೆಗೆ ಪಾಲಿಲ್ಲ, ಹುಟ್ಟಿದ ಮೇಲೆ ಬಂದದ್ದರಲ್ಲಿ ಬ್ಯಾಂಡಿಗೆ ದೊಡ್ಡ ಪಾಲು. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ಆಗಲಿ, ಸ್ವರಾತ್ಮ, ರಘು ದೀಕ್ಷಿತ್ ಪ್ರಾಜೆಕ್ಟ್ ಆಗಲಿ, ಇಲ್ಲಿಂದ ಎದ್ದ ಬ್ಯಾಂಡುಗಳು ಹಿಡಿದದ್ದು ಸ್ವಂತ ಹಾಡಿನ ದಾರಿಯನ್ನು. ಆ ದಾರಿಗೆ ಸಣ್ಣ ವೇದಿಕೆಗಳು ಬೇಕು. ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿದಾಗ ನಗರದ ಸಂಗೀತದವರಿಗೆ ಅಷ್ಟು ನೋವಾದದ್ದು ಅದಕ್ಕೇ.

"ಈ ಸಲ ಫ್ರೀಯಾಗಿ ಆಡಿ, ಎಕ್ಸ್‌ಪೋಷರ್ ಸಿಗುತ್ತೆ" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಓಪನ್ ಮೈಕ್ ಬೇರೆ, ಅಲ್ಲಿ ದುಡ್ಡಿಲ್ಲ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಟೇಬಲ್ ಬುಕಿಂಗ್ ತೆಗೆದುಕೊಂಡು, ಪೋಸ್ಟರ್ ಹಾಕಿ ನಡೆಸುವ ಶೋನಲ್ಲಿ ಅಡುಗೆಯವರಿಗೂ ಬೌನ್ಸರಿಗೂ ಸಂಬಳವಿದೆ ಎಂದಾದರೆ ಡ್ರಮ್ಮರಿಗೂ ಇರಬೇಕು.

ಹಂತ 4: ದಿನ ನಿಗದಿ ಮಾಡುವ ಮೊದಲು ಕ್ಯಾಲೆಂಡರ್ ನೋಡಿ

ಏಪ್ರಿಲ್-ಮೇನಲ್ಲಿ ಐಪಿಎಲ್ ವೇಳಾಪಟ್ಟಿ ಮುಂದಿಟ್ಟುಕೊಳ್ಳದೆ ಶೋ ಹಾಕಬೇಡಿ. ಸಂಜೆ 7:30ಕ್ಕೆ ಆರ್‌ಸಿಬಿ ಪಂದ್ಯ ಶುರುವಾದರೆ ಆ ಕೋಣೆಯಲ್ಲಿ ಯಾವ ಗಾಯಕನೂ ಗೆಲ್ಲಲಾರ. ಪರದೆ ಹಾಕಲೇಬೇಕೆಂದರೆ ಬ್ಯಾಂಡನ್ನು ಬೇರೆ ದಿನಕ್ಕೆ ಕರೆಯಿರಿ, ಇನ್ನಿಂಗ್ಸ್ ಬಿಡುವಿನಲ್ಲಿ ಎರಡು ಹಾಡು ಹಾಡಿ ಎನ್ನಬೇಡಿ. ಗಾಂಧಿ ಜಯಂತಿ, ಮತದಾನ ಮತ್ತು ಎಣಿಕೆಯ ದಿನಗಳು, ಗಣೇಶ ವಿಸರ್ಜನೆಗೆ ಆಯಾ ಪ್ರದೇಶದಲ್ಲಿ ಹೊರಡಿಸುವ ಮದ್ಯ ನಿಷೇಧದ ಆದೇಶಗಳು ಶೋವನ್ನೇ ನುಂಗುತ್ತವೆ. ಒಣ ದಿನ ಮುಂಚೆಯೇ ಗೊತ್ತಿದ್ದರೂ ಬುಕ್ ಮಾಡಿದ್ದರೆ ನಷ್ಟ ಮಾಲೀಕರದು, ಆದೇಶ ಹಠಾತ್ತನೆ ಬಂದರೆ ಶೋ ಮುಂದಕ್ಕೆ ಹೋಗಲಿ, ಅಡ್ವಾನ್ಸ್ ಹಾಗೇ ಉಳಿಯಲಿ. ಇಬ್ಬರಿಗೂ ನ್ಯಾಯ ಇದು.

ನವೆಂಬರ್ ಬಂತೆಂದರೆ ಕನ್ನಡ ನೈಟ್‌ಗಳ ಸುಗ್ಗಿ. ಕನ್ನಡ ಹಾಡುವ ಬ್ಯಾಂಡುಗಳಿಗೆ ಆ ತಿಂಗಳು ಬಿಡುವೇ ಇರುವುದಿಲ್ಲ, ಡಿಸೆಂಬರಿನಿಂದ ಫೋನ್ ಸದ್ದಿಲ್ಲ. ಮಾಲೀಕರಲ್ಲಿ ನನ್ನ ವಿನಂತಿ, ಅವರನ್ನು ಮಾರ್ಚಿನಲ್ಲೂ ಕರೆಯಿರಿ. ಗಿರಾಕಿಗಳು ವರ್ಷವಿಡೀ ಕನ್ನಡದವರೇ. ಇಂಗ್ಲಿಷ್, ಹಿಂದಿ ಹಾಡುವ ಬ್ಯಾಂಡಿನವರೂ ಚೆನ್ನಾಗಿ ಕಲಿತ ಐದಾರು ಕನ್ನಡ ಹಾಡುಗಳನ್ನು ಕೈಯಲ್ಲಿಟ್ಟುಕೊಂಡಿರಲಿ. "ಒಂದು ಕನ್ನಡ ಹಾಡ್ರಿ" ಎಂಬ ಕೂಗು ಬಂದೇ ಬರುತ್ತದೆ, ಆಗ ಮುಖ ಮುಖ ನೋಡಿಕೊಳ್ಳುವಂತಾಗಬಾರದು.

ಹಂತ 5: ಒಪ್ಪಿದ್ದನ್ನು ಒಂದೇ ಮೆಸೇಜಿನಲ್ಲಿ ಬರೆದು ಕಳಿಸಿ

ಸ್ಟ್ಯಾಂಪ್ ಪೇಪರ್ ಬೇಕಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000, ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಂದ ಅಸಿಂಧುವಲ್ಲ ಎನ್ನುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಹೋದ ಮೆಸೇಜಿಗೆ "ಓಕೆ" ಎಂಬ ಉತ್ತರ ಬಂದರೂ ಅದಕ್ಕೆ ಬೆಲೆಯಿದೆ. ದೊಡ್ಡ ಮೊತ್ತವಾದರೆ ಇಮೇಲ್ ಮಾಡಿ. ಒಂದು ಮಾದರಿ:

"ನಮಸ್ಕಾರ ಸರ್. ಬೆಳಗ್ಗೆ ಮಾತಾಡಿದ್ದನ್ನ ಬರೆದಿದೀನಿ, ಒಂದ್ಸಲ ನೋಡಿ ಓಕೆ ಅಂತ ಕಳಿಸಿ. ಬರೋ ತಿಂಗಳು 14, ಬುಧವಾರ. ನಾವು ನಾಲ್ಕು ಜನ. ಸಾಮಾನು ಇಳಿಸೋದು 4:30ಕ್ಕೆ, ಸೌಂಡ್ ಚೆಕ್ 5ರಿಂದ 6:15. ಎರಡು ಸೆಟ್, 50 ನಿಮಿಷದ್ದು: 8:00ಕ್ಕೆ, 9:05ಕ್ಕೆ. ಸಂಭಾವನೆ 15,000. ಅಡ್ವಾನ್ಸ್ 5,000 ಈ ಶುಕ್ರವಾರದ ಒಳಗೆ, ಬಾಕಿ 10,000 ಶೋ ಮುಗಿದ ರಾತ್ರಿನೇ ಯುಪಿಐನಲ್ಲಿ, ಮ್ಯಾನೇಜರ್ ಕೊಡ್ತಾರೆ. ಪಿಎ (ಸ್ಪೀಕರ್ ಸಿಸ್ಟಂ), ಮೈಕ್, ಡ್ರಮ್ ಕಿಟ್, ಸೌಂಡ್ ಎಂಜಿನಿಯರ್ ನಿಮ್ಮ ಕಡೆಯಿಂದ. ನಾಲ್ಕು ಊಟ, ತಲಾ ಎರಡು ಡ್ರಿಂಕ್. ಏಳು ದಿನಕ್ಕಿಂತ ಮೊದಲೇ ರದ್ದಾದ್ರೆ ಯಾರಿಗೂ ಬಾಕಿ ಇಲ್ಲ, ಅಡ್ವಾನ್ಸ್ ವಾಪಸ್. ಆಮೇಲಾದ್ರೆ ಅರ್ಧ, ಅದೇ ದಿನ ಆದ್ರೆ ಪೂರ್ತಿ. ನಾವು ಬರಕ್ಕಾಗ್ದಿದ್ರೆ ಅಡ್ವಾನ್ಸ್ ವಾಪಸ್, ಜೊತೆಗೆ ಬೇರೆ ಬ್ಯಾಂಡ್ ನಾವೇ ಹುಡುಕ್ತೀವಿ."

ಇದರಲ್ಲಿ ಯಾವ ಸಾಲನ್ನೂ ಬಿಡಬೇಡಿ. ಊಟದ ಸಾಲು ಸಣ್ಣದಾಗಿ ಕಾಣುತ್ತದೆ. ರಾತ್ರಿ ಹನ್ನೊಂದೂವರೆಗೆ, ಅಡುಗೆಮನೆ ಮುಚ್ಚಿದ ಮೇಲೆ, "ಕಿಚನ್ ಕ್ಲೋಸ್ ಆಯ್ತು ಬ್ರೋ" ಎಂಬ ಮಾತು ಕೇಳಿದಾಗ ಅದರ ತೂಕ ಗೊತ್ತಾಗುತ್ತದೆ. ಸೌಂಡ್ ಚೆಕ್ ಮುಗಿದ ಕೂಡಲೇ, ಗಿರಾಕಿಗಳು ಸೇರುವ ಮೊದಲೇ ಬ್ಯಾಂಡಿನ ಊಟದ ಆರ್ಡರ್ ಚೀಟಿ (ಕೆಒಟಿ) ಅಡುಗೆಮನೆಗೆ ಹೋಗುವ ಹಾಗೆ ಕ್ಯಾಪ್ಟನ್‌ಗೆ ಹೇಳಿಟ್ಟಿರಿ.

ಮಾಲೀಕರು ಕೇಳುವ ಒಂದು ಷರತ್ತು: "ಹಿಂದೆ ಮುಂದೆ ಎರಡು ವಾರ ಈ ಏರಿಯಾದಲ್ಲಿ ಬೇರೆ ಕಡೆ ಆಡಬಾರದು." ಟಿಕೆಟ್ ಶೋಗೆ ಇದು ನ್ಯಾಯವೇ, ಅದೇ ಬ್ಯಾಂಡ್ ಮೂರು ದಿನ ಮೊದಲು ಪಕ್ಕದ ರಸ್ತೆಯಲ್ಲಿ ಪುಕ್ಕಟೆ ಸಿಕ್ಕರೆ ಟಿಕೆಟ್ ಯಾರು ಕೊಳ್ಳುತ್ತಾರೆ? ಬುಧವಾರದ 15,000ಕ್ಕೆ ಈ ಷರತ್ತು ಹಾಕುವುದು ಮಾತ್ರ ಬ್ಯಾಂಡಿನ ಹೊಟ್ಟೆಯ ಮೇಲೆ ಹೊಡೆದಂತೆ.

ಹಂತ 6: ಕರೆಂಟ್, ಅರ್ಥಿಂಗ್, ಸೌಂಡ್

ಈ ಹಂತಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ, ಏಕೆಂದರೆ ಇಲ್ಲಿ ಜೀವದ ಪ್ರಶ್ನೆ ಇದೆ. ಅರ್ಥಿಂಗ್ ಸರಿಯಿಲ್ಲದ ವೇದಿಕೆಯಲ್ಲಿ ಗಿಟಾರ್ ತಂತಿ ಹಿಡಿದ ಗಾಯಕನ ತುಟಿ ಮೈಕಿಗೆ ತಾಗಿದರೆ ಶಾಕ್ ಹೊಡೆಯುತ್ತದೆ. ಆ್ಯಂಪ್ಲಿಫೈಯರ್ ಒಂದು ಪ್ಲಗ್ಗಿನಲ್ಲಿ, ಮಿಕ್ಸರ್ ಬೇರೆ ಫೇಸಿನ ಪ್ಲಗ್ಗಿನಲ್ಲಿ ಇದ್ದು, ಒಂದರಲ್ಲಿ ಅರ್ಥ್ ಕಡಿದಿದ್ದರೆ ಅಪಾಯ ಇನ್ನೂ ಹೆಚ್ಚು. ಮಾಲೀಕರು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಬೇಕಾದದ್ದು ಇಷ್ಟು: ವೇದಿಕೆಗೆ ಪ್ರತ್ಯೇಕ ಲೈನ್, ಮಿಕ್ಸರಿಗೂ ಅದೇ ಲೈನಿನಿಂದ ಕರೆಂಟ್, ಮೂರು ಪಿನ್ನಿನ 6 ಮತ್ತು 16 ಆಂಪಿಯರ್ ಸಾಕೆಟ್ಟುಗಳು, ಕರೆಂಟ್ ಸೋರಿದರೆ ಲೈನ್ ಕಡಿದುಹಾಕುವ ಒಂದು ಆರ್‌ಸಿಸಿಬಿ ಸ್ವಿಚ್. ಫ್ರಿಜ್, ಡೀಪ್ ಫ್ರೀಜರ್, ಎಸಿ ಇರುವ ಲೈನಿಗೆ ವೇದಿಕೆಯನ್ನು ಸೇರಿಸಬೇಡಿ. ಕಂಪ್ರೆಸರ್ ಶುರುವಾದಾಗಲೆಲ್ಲ ಸ್ಪೀಕರಿನಲ್ಲಿ ಟಪ್ ಎನ್ನುತ್ತದೆ, ಗುಂಯ್ ಸದ್ದು ಬಿಡುವುದೇ ಇಲ್ಲ. ಆ ಗುಂಯ್ ಕಳೆಯಲೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಅಭ್ಯಾಸ ಕೆಲವರಿಗಿದೆ. ಯಾವ ಕಾರಣಕ್ಕೂ ಅದನ್ನು ಮಾಡಬೇಡಿ. ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ ಇರುವುದು ಈ ಕೆಲಸಕ್ಕೇ.

ಕರೆಂಟ್ ಹೋದಾಗ ಜನರೇಟರ್ ಕೆಲವೇ ಸೆಕೆಂಡಿನಲ್ಲಿ ಎದ್ದರೂ ಡಿಜಿಟಲ್ ಮಿಕ್ಸರ್ ಮತ್ತೆ ಶುರುವಾಗಲು ಹೊತ್ತು ಹಿಡಿಯುತ್ತದೆ, ಆ ಮೌನದಲ್ಲಿ ಕಟ್ಟಿದ ಮೂಡೆಲ್ಲ ಇಳಿದುಹೋಗುತ್ತದೆ. ಮಿಕ್ಸರಿಗೆ ಮತ್ತು ಕೀಬೋರ್ಡಿಗೆ ಒಂದು ಸಣ್ಣ ಯುಪಿಎಸ್ ಇಡಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಉಪಕಾರ ಮಾಡುವ ಸಾಮಾನು ಪಬ್ಬಿನಲ್ಲಿ ಇನ್ನೊಂದಿಲ್ಲ.

ಇನ್ನು ವಾಲ್ಯೂಮ್. ಸಣ್ಣ ಕೋಣೆಯಲ್ಲಿ ಸದ್ದಿನ ಮಟ್ಟ ತೀರ್ಮಾನ ಮಾಡುವುದು ಸ್ಪೀಕರ್ ಅಲ್ಲ, ಡ್ರಮ್. ಮೈಕ್ ಇಲ್ಲದ ಡ್ರಮ್ ಕಿಟ್ಟೇ ಹತ್ತಿರದಲ್ಲಿ 100 ಡೆಸಿಬಲ್ ದಾಟುತ್ತದೆ. ಅದರ ಮೇಲೆ ಗಾಯಕನ ದನಿ ಕೇಳಬೇಕು, ಅದಕ್ಕಾಗಿ ಪಿಎ ಏರುತ್ತದೆ, ಆಗ ಗಿಟಾರಿನವನು ತನ್ನ ಆ್ಯಂಪ್ ಏರಿಸುತ್ತಾನೆ, ಹನ್ನೆರಡನೆಯ ಟೇಬಲ್ಲಿನವರು ಬಿಲ್ ಕೇಳುತ್ತಾರೆ. 60-70 ಜನರ ಕೋಣೆಯಾದರೆ ಡ್ರಮ್ ಕೋಲಿನ ಬದಲು ಬ್ರಷ್ ಅಥವಾ ರಾಡ್ಸ್ ಬಳಸಿ, ಇಲ್ಲವೇ ಕೈಯಿಂದ ಬಾರಿಸುವ ಪೆಟ್ಟಿಗೆ ವಾದ್ಯ ಕಹೋನ್ ಸಾಕು. ಗಿಟಾರ್ ಆ್ಯಂಪನ್ನು ನೆಲದ ಮೇಲಿಟ್ಟು ಕಾಲಿನ ಕಡೆ ತಿರುಗಿಸಬೇಡಿ. ಕುರ್ಚಿಯ ಮೇಲಿಟ್ಟು ನುಡಿಸುವವನ ಕಿವಿಯ ಕಡೆ ವಾಲಿಸಿದರೆ ಅವನೇ ವಾಲ್ಯೂಮ್ ಇಳಿಸುತ್ತಾನೆ. ಸ್ಪೀಕರುಗಳು ಗಾಯಕನ ಮೈಕಿಗಿಂತ ಮುಂದಿರಲಿ, ಇಲ್ಲದಿದ್ದರೆ ಸೀಟಿ ಹೊಡೆಯುತ್ತದೆ.

ಅಕ್ಕಪಕ್ಕದ ಮನೆಯವರಿಂದ ದೂರು ಬರುವುದು ಹೆಚ್ಚಾಗಿ ಬೇಸ್ ಸದ್ದಿನಿಂದ. ದನಿ, ಗಿಟಾರ್ ಗೋಡೆಗೆ ತಡೆದು ನಿಲ್ಲುತ್ತವೆ, ತಗ್ಗು ಸ್ವರಗಳು ನಿಲ್ಲುವುದಿಲ್ಲ. ಸಬ್‌ವೂಫರನ್ನು ನೆಲಕ್ಕೆ ತಾಗದಂತೆ ದಪ್ಪ ರಬ್ಬರ್ ಪ್ಯಾಡಿನ ಮೇಲಿಡಿ, ಮನೆಗಳ ಕಡೆಯ ಗೋಡೆಗೆ ಒರಗಿಸಬೇಡಿ. ಸೌಂಡ್ ಚೆಕ್ ಹೊತ್ತಿನಲ್ಲಿ ಮಾಲೀಕರು ಹೊರಗೆ ಹೋಗಿ, ಹತ್ತಿರದ ಮನೆಯ ಗೇಟಿನ ಮುಂದೆ ನಿಂತು ಒಂದು ಹಾಡು ಪೂರ್ತಿ ಕೇಳಬೇಕು. ಡೆಸಿಬಲ್ ಆ್ಯಪ್ ಪಕ್ಕಾ ಅಳತೆ ಕೊಡದಿದ್ದರೂ ಅಂದಾಜಿಗೆ ಸಾಕು. ಒಳಗಿನ ಮಟ್ಟಕ್ಕೂ ಮಿತಿ ಇದೆ: ವಿಶ್ವ ಆರೋಗ್ಯ ಸಂಸ್ಥೆ ಸಂಗೀತದ ಜಾಗಗಳಿಗಾಗಿ 2022ರಲ್ಲಿ ಕೊಟ್ಟ ಮಾನದಂಡ ಸರಾಸರಿ 100 ಡೆಸಿಬಲ್ ಮೀರಬಾರದು ಎನ್ನುತ್ತದೆ. ಊಟದ ಪಬ್ಬಿಗೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ದಿನವೂ ಅಲ್ಲೇ ನಿಲ್ಲುವ ವೇಟರುಗಳ ಕಿವಿಯನ್ನೂ ನೆನಪಿಡಿ.

ವಾಲ್ಯೂಮ್ ಇಳಿಸಿ ಎನ್ನುವ ಮಾತು ಯಾರಿಂದ ಯಾರಿಗೆ ಹೋಗಬೇಕು? ಒಬ್ಬರಿಂದ ಒಬ್ಬರಿಗೆ ಮಾತ್ರ: ಮ್ಯಾನೇಜರಿಂದ ಸೌಂಡ್ ಎಂಜಿನಿಯರಿಗೆ. ಹಾಡಿನ ನಡುವೆ ವೇಟರ್ ಬಂದು ಗಾಯಕಿಗೆ ಕೈಸನ್ನೆ ಮಾಡುವುದು, ಮಾಲೀಕರ ಸ್ನೇಹಿತರು ವೇದಿಕೆ ಹತ್ತಿ ಕಿವಿಯಲ್ಲಿ ಹೇಳುವುದು ನಿಲ್ಲಬೇಕು.

ಹಂತ 7: ಆ ಸಂಜೆ

ಸೌಂಡ್ ಚೆಕ್ 6:15ಕ್ಕೆ ಮುಗಿಯಬೇಕು ಎಂದರೆ ಮುಗಿಯಬೇಕು. ಮೊದಲ ಗಿರಾಕಿ ಮೆನು ತೆರೆದಾಗ "ಹಲೋ, ಚೆಕ್, ಚೆಕ್" ಕೇಳಬಾರದು. ಅದಕ್ಕೆ ಮಾಲೀಕರ ಕಡೆಯಿಂದ ಬೇಕಾದದ್ದು, 4:30ಕ್ಕೆ ಬಾಗಿಲು ತೆಗೆದು, ಲಿಫ್ಟ್ ಕೊಟ್ಟು, ಗಾಡಿ ನಿಲ್ಲಿಸಿ ಸಾಮಾನು ಇಳಿಸಲು ಜಾಗ ಕೊಡುವುದು. ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಶುಕ್ರವಾರ ಸಂಜೆ ಕೀಬೋರ್ಡ್ ಇಳಿಸಿದವರಿಗೆ ಈ ಮಾತಿನ ಬೆಲೆ ತಿಳಿದಿದೆ. ಗಾಡಿ ನಿಲ್ಲಿಸುವ ವ್ಯಾಲೆಯವರಿಗೆ ಮೊದಲೇ ಹೇಳಿದ್ದರೆ ಐದು ನಿಮಿಷದ ಕೆಲಸ.

ಬ್ಯಾಂಡಿನವರೇ, ಬಿಡುವು 15 ನಿಮಿಷ ಎಂದರೆ 15. ಬಿಡುವು ಅರ್ಧ ಗಂಟೆಯಾಯಿತೋ, ಹೊರಡಲು ಮನಸ್ಸು ಮಾಡಿಕೊಂಡಿದ್ದವರು ಎದ್ದೇಬಿಡುತ್ತಾರೆ. ಮೊದಲ ಸೆಟ್ ಊಟದ ಹೊತ್ತಿನದು, ಮಾತಿಗೆ ಎಡೆಗೊಡುವ ಹಾಡುಗಳಿರಲಿ. ಏರುವ ಹಾಡುಗಳನ್ನು ಎರಡನೆಯದಕ್ಕೆ ಉಳಿಸಿಕೊಳ್ಳಿ. ವೇದಿಕೆಯಿಂದ ಅಡುಗೆಯವರನ್ನೂ ಬಾರ್‌ನವರನ್ನೂ ಒಮ್ಮೆ ನೆನೆದು ಚಪ್ಪಾಳೆ ಹೊಡೆಸಿ, ಆ ಇಡೀ ತಂಡ ನಿಮ್ಮದಾಗುತ್ತದೆ.

ಮಹಿಳಾ ಸದಸ್ಯರಿದ್ದರೆ ಬಟ್ಟೆ ಬದಲಿಸಲು ಚಿಲಕವಿರುವ ಕೋಣೆ, ರಾತ್ರಿ ಮನೆ ಸೇರುವ ವ್ಯವಸ್ಥೆ ಮಾಲೀಕರ ಹೊಣೆ. ಕುಡಿದವರು ವೇದಿಕೆ ಹತ್ತಿದರೆ, ಮೈಕ್ ಕಿತ್ತುಕೊಂಡರೆ ಬೌನ್ಸರ್ ತಾನಾಗಿ ಬರಬೇಕು, ಬ್ಯಾಂಡಿನವರು ಕೂಗಿ ಕರೆಯುವ ಹಾಗಾಗಬಾರದು. ಆ ಗಿರಾಕಿ ಎಷ್ಟೇ ದೊಡ್ಡ ಬಿಲ್ಲಿನವನಾಗಿರಲಿ.

ಹಂತ 8: ಹಾಡಿನ ಹಕ್ಕು

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಬೇರೆಯವರ ಹಾಡನ್ನು ಪಬ್ಬಿನಲ್ಲಿ ನುಡಿಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಅದು ಸಾರ್ವಜನಿಕ ಪ್ರದರ್ಶನ. ಸಾಹಿತ್ಯ ಮತ್ತು ಸ್ವರ ಸಂಯೋಜನೆಯ ಲೈಸೆನ್ಸ್ ಕೊಡುವುದು ಐಪಿಆರ್‌ಎಸ್ ಎಂಬ ಹಕ್ಕುದಾರರ ಸಂಸ್ಥೆ. ಬಿಡುವಿನಲ್ಲಿ ಹಾಕುವ ರೆಕಾರ್ಡ್ ಮಾಡಿದ ಹಾಡಿಗೆ ಪಿಪಿಎಲ್‌ನಂಥ ಸಂಸ್ಥೆಗಳಿಂದ ಬೇರೆ ಲೈಸೆನ್ಸ್ ಬೇಕು, ಒಬ್ಬರ ಸ್ಪಾಟಿಫೈ ಖಾತೆ ವೈಯಕ್ತಿಕ ಬಳಕೆಗಷ್ಟೇ. ಲೈಸೆನ್ಸ್ ಮಾಡಿಸುವುದು ಜಾಗ ನಡೆಸುವವರ ಕೆಲಸ, ಅದನ್ನು ಬ್ಯಾಂಡಿನ ಸಂಭಾವನೆಯಿಂದ ಕಡಿಯಬಾರದು. ಸ್ವಂತ ಹಾಡು ಬರೆಯುವವರು ಐಪಿಆರ್‌ಎಸ್ ಸದಸ್ಯರಾಗಿ, ನುಡಿಸಿದ ಹಾಡುಗಳ ಪಟ್ಟಿಯನ್ನು ಮ್ಯಾನೇಜರಿಗೆ ಕೊಟ್ಟು ಸಂಸ್ಥೆಗೆ ತಲುಪುವಂತೆ ನೋಡಿಕೊಳ್ಳಿ.

ಹಂತ 9: ಪೇಮೆಂಟ್ ಮತ್ತು ತೆರಿಗೆ

ಬಾಕಿ ಹಣ ಅದೇ ರಾತ್ರಿ ಸಲ್ಲಬೇಕು. ಸಾಮಾನು ಕಟ್ಟುವ ಹೊತ್ತಿಗೆ ಮ್ಯಾನೇಜರ್ ಮೊಬೈಲ್ ಹಿಡಿದು ಬಂದರೆ ಆ ಪಬ್ಬಿನ ಹೆಸರು ನಗರದ ಎಲ್ಲ ಕಲಾವಿದರ ಗ್ರೂಪಿನಲ್ಲಿ ಓಡಾಡುತ್ತದೆ. ಮುಂದಿನ ಸಲ ಒಳ್ಳೆಯ ಬ್ಯಾಂಡ್ ಸಾವಿರ ಎರಡು ಸಾವಿರ ಕಡಿಮೆಗೂ ಬರುತ್ತದೆ. "ಅಕೌಂಟ್ಸ್‌ನವ್ರು ಸೋಮವಾರ ಹಾಕ್ತಾರೆ" ಎಂಬ ಜಾಗವಾದರೆ ಯಾವ ಸೋಮವಾರ ಎಂದು ಮೆಸೇಜಿನಲ್ಲೇ ಬರೆಸಿಕೊಳ್ಳಿ.

ಕಂಪನಿಯಾಗಿ ನಡೆಯುವ ಪಬ್ಬು ಟಿಡಿಎಸ್ ಕಡಿಯಬಹುದು. ವೃತ್ತಿಪರ ಸೇವೆ ಎಂದು ಪರಿಗಣಿಸಿದರೆ 10%, ಪ್ಯಾನ್ ಕೊಡದಿದ್ದರೆ 20%. ಹಾಗಾಗಿ ದರ ಹೇಳುವಾಗಲೇ ಕಡಿತಕ್ಕೆ ಮೊದಲೋ ನಂತರವೋ ಎಂದು ಹೇಳಿ. ಕಡಿದ ಹಣ ನಿಮ್ಮ ಆದಾಯ ತೆರಿಗೆ ಖಾತೆಯಲ್ಲಿ ಕಾಣಿಸುತ್ತದೆಯೇ ಎಂದು ಮೂರು ತಿಂಗಳಿಗೊಮ್ಮೆ ನೋಡಿ, ಕಾಣದಿದ್ದರೆ ಪ್ರಮಾಣಪತ್ರ ಕೇಳಿ. ಬ್ಯಾಂಡಿನ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಆಗ ಬಿಲ್ಲಿಗೆ 18% ಸೇರುತ್ತದೆ. ಇಲ್ಲಿ ಮಾಲೀಕರ ಕಷ್ಟವನ್ನೂ ತಿಳಿಯಬೇಕು: ಊಟಕ್ಕೆ 5% ಜಿಎಸ್‌ಟಿ ಹಾಕುವ ರೆಸ್ಟೋರೆಂಟಿಗೆ ಹೂಡುವಳಿ ತೆರಿಗೆ ಜಮೆ, ಅಂದರೆ ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ವಜಾ ಮಾಡಿಕೊಳ್ಳುವ ಸೌಲಭ್ಯ, ಸಿಗುವುದಿಲ್ಲ, ಮದ್ಯ ಜಿಎಸ್‌ಟಿಯ ಹೊರಗೇ ಇದೆ. ಬ್ಯಾಂಡ್ ಹಾಕಿದ ಆ 18% ಅವರಿಗೆ ಪೂರಾ ಖರ್ಚು. ಜಾನಪದ ಅಥವಾ ಶಾಸ್ತ್ರೀಯ ಸಂಗೀತದ ಕಲಾವಿದರಿಗೆ ಒಂದು ಕಾರ್ಯಕ್ರಮಕ್ಕೆ 1.5 ಲಕ್ಷದವರೆಗೆ ಜಿಎಸ್‌ಟಿ ವಿನಾಯಿತಿ ಇದೆ, ಸಿನಿಮಾ ಹಾಡು, ರಾಕ್ ನುಡಿಸುವವರಿಗೆ ಇಲ್ಲ. ಈ ಭೇದಕ್ಕೆ ನನಗಂತೂ ನ್ಯಾಯ ಕಾಣುವುದಿಲ್ಲ.

ಹಣ ಬರಲೇ ಇಲ್ಲ ಎಂದಾದರೆ? ಮೊದಲು ಮ್ಯಾನೇಜರಿಗೆ, ಆಮೇಲೆ ಮಾಲೀಕರಿಗೆ, ಹಳೆಯ ಮೆಸೇಜನ್ನು ಸೇರಿಸಿ ಮರ್ಯಾದೆಯಿಂದಲೇ ಬರೆಯಿರಿ. ಸಾಮಾಜಿಕ ಜಾಲತಾಣದಲ್ಲಿ ಹಾಕುವುದು ಮೊದಲ ಹೆಜ್ಜೆ ಆಗಬಾರದು. ಬ್ಯಾಂಡನ್ನು ಉದ್ಯಮ್ ಪೋರ್ಟಲಿನಲ್ಲಿ ಸೂಕ್ಷ್ಮ ಉದ್ಯಮವಾಗಿ ಮೊದಲೇ ನೋಂದಾಯಿಸಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ನೆರವಿಗೆ ಬರುತ್ತದೆ. ನೋಂದಣಿ ಪುಕ್ಕಟೆ. ಒಪ್ಪಂದದಲ್ಲಿ ಎಷ್ಟೇ ದಿನ ಬರೆದಿದ್ದರೂ 45 ದಿನ ಮೀರುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆನ್‌ಲೈನಿನಲ್ಲೇ ದೂರು ಕೊಡಬಹುದು. ಈ ಕಾಯ್ದೆಯ ಹೆಸರನ್ನು ಪತ್ರದಲ್ಲಿ ಕಂಡ ಕೂಡಲೇ ಎಷ್ಟೋ ಬಾಕಿಗಳು ಸಲ್ಲುತ್ತವೆ.

ಹಂತ 10: ಮಾರನೆಯ ದಿನ

ಮಾಲೀಕರು ಆ ಬುಧವಾರದ ಬಿಲ್ಲುಗಳನ್ನು ಹಿಂದಿನ ನಾಲ್ಕು ಬುಧವಾರಗಳ ಜೊತೆ ಗಂಟೆ ಗಂಟೆಯಾಗಿ ಹೋಲಿಸಿ ನೋಡಲಿ. ಒಟ್ಟು ಮೊತ್ತಕ್ಕಿಂತ 9ರಿಂದ 11ರ ನಡುವಿನ ಬಿಲ್ಲುಗಳು ಹೆಚ್ಚು ಹೇಳುತ್ತವೆ. ಆ ಅಂಕಿಗಳನ್ನು ಬ್ಯಾಂಡಿನವರಿಗೂ ತೋರಿಸಿ. ಮುಚ್ಚಿಡುವುದರಿಂದ ಏನೂ ಸಿಗುವುದಿಲ್ಲ, ತೋರಿಸಿದರೆ ಅವರು ಸೆಟ್‌ಲಿಸ್ಟ್ ಬದಲಿಸಿಕೊಂಡು ಬರುತ್ತಾರೆ. ಒಂದೇ ಶೋದಿಂದ ತೀರ್ಮಾನಕ್ಕೆ ಬರಬೇಡಿ. ತಿಂಗಳಿಗೊಮ್ಮೆಯಂತೆ ಮೂರು ತಿಂಗಳು ಅದೇ ಬ್ಯಾಂಡಿಗೆ ಅದೇ ವಾರ ಕೊಡಿ, ದರ ಮೂರಕ್ಕೂ ಒಂದೇ ಇರಲಿ. ಮೂರನೆಯ ಶೋ ಹೊತ್ತಿಗೆ ಟೇಬಲ್ ಕಾದಿರಿಸಲು ಫೋನ್ ಮಾಡುವವರು ಬ್ಯಾಂಡಿನ ಹೆಸರು ಹೇಳತೊಡಗಿದರೆ, ಅಲ್ಲಿಂದಾಚೆಗೆ ಟಿಕೆಟ್ ಪಾಲಿನ ಒಪ್ಪಂದಕ್ಕೆ ಬದಲಾಯಿಸಿಕೊಳ್ಳುವ ಮಾತನ್ನು ಎತ್ತಬಹುದು.